ಭತ್ತದ ಹೊಟ್ಟಿನ ಇದ್ದಿಲಿನಿಂದ ಮೈಕ್ರೋಬಿಯಲ್ ಫ್ಯೂಯೆಲ್ ಸೆಲ್: ಎಲೆಕ್ಟ್ರೋಡ್ ಸುಧಾರಿಸುವುದು ಹೇಗೆ?

ಸಿಂಧನೂರು ಗದ್ದೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ರಾಯಚೂರಿನಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಮೈಕ್ರೋಬಿಯಲ್ ಫ್ಯೂಯೆಲ್ ಸೆಲ್ ತಗೊಂಡಿದ್ದೇನೆ. ಹೊಸಬರಿಗೆ ಒಂದು ಮಾತು: ಕೊಳಚೆ ನೀರಿನಲ್ಲಿರುವ ಪದಾರ್ಥವನ್ನು ಕೆಲವು ಬ್ಯಾಕ್ಟೀರಿಯಾಗಳು ತಿಂದು, ಉಳಿದ ಎಲೆಕ್ಟ್ರಾನ್‌ಗಳನ್ನು ಗಾಳಿಯಾಡದ ಕಡೆ ಇಟ್ಟಿರುವ ಆನೋಡ್ ಅನ್ನುವ ಎಲೆಕ್ಟ್ರೋಡ್‌ಗೆ ಕೊಡುತ್ತವೆ, ಅವು ವೈರ್ ಮೂಲಕ ಇನ್ನೊಂದು ಎಲೆಕ್ಟ್ರೋಡ್ ಆದ ಕ್ಯಾಥೋಡ್‌ಗೆ ಬಂದು ಅಲ್ಲಿ ಆಮ್ಲಜನಕ ಮತ್ತು ನೀರಿನಲ್ಲಿರುವ ಪ್ರೋಟಾನ್‌ಗಳ (ಹೈಡ್ರೋಜನ್ ಅಯಾನ್) ಜೊತೆ ಸೇರಿ ನೀರಾಗುತ್ತದೆ. ನೀರೂ ಸ್ವಚ್ಛ ಆಗುತ್ತದೆ, ಸ್ವಲ್ಪ ಕರೆಂಟೂ ಸಿಗುತ್ತದೆ.

ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆ ಕೆಳಗಿನ ಊರು. ಸುತ್ತ ಎಲ್ಲಿ ನೋಡಿದರೂ ಭತ್ತ, ಎಲ್ಲಿ ನೋಡಿದರೂ ರೈಸ್ ಮಿಲ್. ಅದಕ್ಕೇ ಹೊರಗಿನಿಂದ ದುಬಾರಿ ಕಾರ್ಬನ್ ತರಿಸದೆ ಇಲ್ಲಿನ ವಸ್ತುಗಳಲ್ಲೇ ಮಾಡಬೇಕು ಅಂತ ಆಸೆ.

ಈಗಿರುವ ಸೆಟಪ್ ಹೀಗಿದೆ. ಕುಂಬಾರರ ಹತ್ತಿರ ತಂದ ಗಡಿಗೆ, ಅದರೊಳಗೆ ಮಿಲ್ಲಿನ ಭತ್ತ ನೆನೆಸಿದ ನೀರು, ಬ್ಯಾಕ್ಟೀರಿಯಾಕ್ಕೆ ನಮ್ಮ ಗದ್ದೆಯ ಕಪ್ಪು ಕೆಸರು. ಹೊಟ್ಟನ್ನು ಮುಚ್ಚಿದ ಡಬ್ಬಿಯಲ್ಲಿ ಸುಟ್ಟು ಇದ್ದಿಲು ಮಾಡಿ, ಪುಡಿ ಮಾಡಿ, ಬಿಳಿ ಗೋಂದಿನಲ್ಲಿ ಕಲಸಿ ಸ್ಟೀಲ್ ಜಾಳಿಗೆಗೆ ಮೆತ್ತಿದ್ದೇನೆ. ಅದು ಆನೋಡ್. ಗಡಿಗೆಯನ್ನು ಬೋರ್‌ವೆಲ್ ನೀರಿನ ಬಕೆಟ್‌ನಲ್ಲಿ ಇಟ್ಟು, ಆ ನೀರಿನಲ್ಲಿ ಒಂದು ಗ್ರಾಫೈಟ್ ತುಂಡು ಇಳಿಬಿಟ್ಟಿದ್ದೇನೆ. ಅದು ಕ್ಯಾಥೋಡ್.

ಏನೂ ಜೋಡಿಸದೆ ಅಳೆದರೆ 0.62 ವೋಲ್ಟ್ ಬರುತ್ತದೆ. 100 ಓಮ್ ರೆಸಿಸ್ಟರ್ ಹಾಕಿದ ತಕ್ಷಣ 0.04 ವೋಲ್ಟ್‌ಗೆ ಕುಸಿಯುತ್ತದೆ. ಆನೋಡ್ ಮೇಲೆ ಗ್ರಾಫೀನ್ ಅಥವಾ ಕಾರ್ಬನ್ ನ್ಯಾನೋಟ್ಯೂಬ್ (ಎರಡೂ ಬಹಳ ಸೂಕ್ಷ್ಮ ರೂಪದ ಕಾರ್ಬನ್) ಲೇಪಿಸು ಅಂತ ಕೆಲವರು ಹೇಳುತ್ತಿದ್ದಾರೆ. ಅದಕ್ಕೆ ದುಡ್ಡು ಹಾಕಬೇಕಾ? ಅಥವಾ ಹೊಟ್ಟಿನ ಇದ್ದಿಲನ್ನೇ ಚೆನ್ನಾಗಿ ಮಾಡಬಹುದಾ? ತಿಳಿದವರು ದಯವಿಟ್ಟು ಹೇಳಿ.

ಬಳ್ಳಾರಿ ಕಾರ್ಬನ್

ತಂಗಿ, ಗ್ರಾಫೀನ್‌ಗೆ ಈಗಲೇ ಒಂದು ರೂಪಾಯಿಯನ್ನೂ ಹಾಕಬೇಡ. ಮೊದಲು ನಿನ್ನ ಅಳತೆಯನ್ನೇ ಓದೋಣ.

0.04 ವೋಲ್ಟನ್ನು 100ರಿಂದ ಭಾಗಿಸಿದರೆ 0.4 ಮಿಲಿಆಂಪ್. ಪವರ್ 0.016 ಮಿಲಿವ್ಯಾಟ್. ಒಳಗೆ ಕಳೆದುಹೋಗುತ್ತಿರುವುದು 0.58 ವೋಲ್ಟ್, ಅಂದರೆ ಒಳಗಿನ ಪ್ರತಿರೋಧ ಸುಮಾರು 1,450 ಓಮ್. ಇಂಥ ಸೆಲ್‌ಗೆ 100 ಓಮ್ ಹಾಕಿದರೆ ಅದು ಬೀಳಲೇಬೇಕು. ಹೊರಗಿನ ರೆಸಿಸ್ಟರ್ ಒಳಗಿನದಕ್ಕೆ ಸಮ ಆದಾಗ ಪವರ್ ಅತಿ ಹೆಚ್ಚು ಸಿಗುತ್ತದೆ, ಹಾಗಾಗಿ ನಿನ್ನದಕ್ಕೆ ಸದ್ಯ 1,500 ಓಮ್ ಹತ್ತಿರದ ರೆಸಿಸ್ಟರ್ ಸರಿ. ದೊಡ್ಡದರಿಂದ ಚಿಕ್ಕದಕ್ಕೆ ರೆಸಿಸ್ಟರ್ ಬದಲಿಸುತ್ತಾ ಹೋಗು, ಪ್ರತಿ ಸಲ ವೋಲ್ಟೇಜ್ ನಿಲ್ಲುವ ತನಕ ಕಾದು ಬರೆದುಕೋ. ಆ ಅಳತೆಗಳಿಂದ ಕರೆಂಟ್‌ಗೆ ಎದುರಾಗಿ ವೋಲ್ಟೇಜ್, ಪವರ್ ಗ್ರಾಫ್ ಬರೆ. ಆ ಗ್ರಾಫ್ ಇಲ್ಲದೆ ಯಾವ ಎಲೆಕ್ಟ್ರೋಡ್ ಒಳ್ಳೆಯದು ಅಂತ ಮಾತಾಡೋಕೆ ಆಗಲ್ಲ. ಏನೂ ಜೋಡಿಸದೆ ಬರುವ ವೋಲ್ಟೇಜ್ ನೋಡಿ ಎಲೆಕ್ಟ್ರೋಡ್‌ಗಳನ್ನು ಹೋಲಿಸುವವರು ಬಹಳ ಜನ ಇದ್ದಾರೆ, ಅದರಿಂದ ವಸ್ತುವಿನ ಬಗ್ಗೆ ಹೆಚ್ಚೇನೂ ತಿಳಿಯುವುದಿಲ್ಲ.

ಈಗ ಆ 1,450 ಓಮ್ ಎಲ್ಲಿಂದ ಬಂತು? ನನ್ನ ಅನುಮಾನ ಮೂರು ಕಡೆ.

ಒಂದು, ಗೋಂದು. ಒಣಗಿದ ಮೇಲೆ ಅದು ಕರೆಂಟ್ ಬಿಡುವುದಿಲ್ಲ. ಇದ್ದಿಲಿನ ಪ್ರತಿ ಕಣದ ಸುತ್ತ ಒಂದು ತೆಳು ಗೋಡೆ ಕಟ್ಟಿದ ಹಾಗಾಯಿತು.

ಎರಡು, ಇದ್ದಿಲು ಕಾದ ಶಾಖ. ಕಡಿಮೆ ಶಾಖದಲ್ಲಿ ಮಾಡಿದ ಇದ್ದಿಲು ನೋಡೋಕೆ ಕಪ್ಪಗಿರುತ್ತದೆ, ಆದರೆ ಕರೆಂಟ್ ಹರಿಯುವುದಿಲ್ಲ. 900 ಡಿಗ್ರಿ ಹತ್ತಿರ, ಗಾಳಿ ಇಲ್ಲದೆ ಕಾಯಿಸಿದಾಗ ಕಾರ್ಬನ್ ಪದರಗಳು ಒಂದಕ್ಕೊಂದು ಜೋಡಿಸಿಕೊಂಡು ಹರಿಯಲು ದಾರಿ ಆಗುತ್ತದೆ. ಪರೀಕ್ಷೆ ಸುಲಭ. ಚಿಕ್ಕ ಪಿವಿಸಿ ಪೈಪಿನಲ್ಲಿ ಪುಡಿ ತುಂಬಿ, ಎರಡೂ ಕಡೆ ಸ್ಟೀಲ್ ಬೋಲ್ಟ್ ತುರುಕಿ ಗಟ್ಟಿಯಾಗಿ ಒತ್ತಿ, ಮಲ್ಟಿಮೀಟರ್ ಹಿಡಿ. ಕೆಲವೇ ಓಮ್ ಬಂದರೆ ಖುಷಿಪಡು. ಕಿಲೋ ಓಮ್, ಮೆಗಾ ಓಮ್ ಬಂದರೆ ಅದು ಎಲೆಕ್ಟ್ರೋಡ್‌ಗೆ ಬರುವ ಇದ್ದಿಲಲ್ಲ. ಹೊಟ್ಟಿನಲ್ಲಿ ಸಿಲಿಕಾ ಬೇರೆ ಜಾಸ್ತಿ, ತೂಕದಲ್ಲಿ ಐದು ಆರರಲ್ಲಿ ಒಂದು ಪಾಲು ಬೂದಿ, ಆ ಬೂದಿಯಲ್ಲಿ ಹೆಚ್ಚಿನ ಪಾಲು ಸಿಲಿಕಾನೇ. ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕುದಿಸಿದರೆ ಸಿಲಿಕಾ ಕರಗಿ ಹೋಗುತ್ತದೆ. ಆಮೇಲೆ ನೀರು ತಟಸ್ಥ ಆಗುವ ತನಕ ತೊಳೆಯಬೇಕು. ಇದನ್ನು ಲ್ಯಾಬಿನಲ್ಲೇ ಮಾಡು, ಗ್ಲೌಸ್ ಮತ್ತು ಕನ್ನಡಕ ಹಾಕಿಕೊಂಡು. ಕುದಿಯುವ ಕಾಸ್ಟಿಕ್ ಕಣ್ಣಿಗೆ ಹಾರಿದರೆ ಕಣ್ಣೇ ಹೋಗುತ್ತದೆ.

ಮೂರನೆಯದು ಕ್ಯಾಥೋಡ್, ನನ್ನ ಪ್ರಕಾರ ಇದೇ ದೊಡ್ಡದು. ನಿನ್ನ ಗ್ರಾಫೈಟ್ ತುಂಡು ನೀರಿನೊಳಗೆ ಮುಳುಗಿದೆ. ನಿಂತ ನೀರಿನಲ್ಲಿ ಕರಗಿರುವ ಆಮ್ಲಜನಕ ಲೀಟರಿಗೆ ಏಳೆಂಟು ಮಿಲಿಗ್ರಾಂ, ನೀರು ಬಿಸಿಯಾದಷ್ಟೂ ಇನ್ನೂ ಕಡಿಮೆ. ಗಾಳಿಯಲ್ಲಿ 21 ಪರ್ಸೆಂಟ್ ಇದೆ! ಜೊತೆಗೆ ನಯವಾದ ಗ್ರಾಫೈಟ್ ಮೇಲೆ ಆಮ್ಲಜನಕದ ಕ್ರಿಯೆ ಬಹಳ ನಿಧಾನ. ಎಲ್ಲರೂ ಬ್ಯಾಕ್ಟೀರಿಯಾ ಅಂಟುವ ಆನೋಡ್ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ, ಆದರೆ ಇಂಥ ಸೆಲ್‌ಗಳಲ್ಲಿ ಬಹಳ ಸಲ ಕರೆಂಟನ್ನು ಹಿಡಿದು ನಿಲ್ಲಿಸುವುದು ಕ್ಯಾಥೋಡ್.

ಹಾಗಾಗಿ ನನ್ನ ಸಲಹೆ: ಹೊಟ್ಟಿನ ಇದ್ದಿಲನ್ನು ಆನೋಡ್‌ನಿಂದ ತೆಗೆದು ಕ್ಯಾಥೋಡ್‌ಗೆ ಹಾಕು.

ಕಾರಣ ಹೇಳುತ್ತೇನೆ. ಇದ್ದಿಲಿಗೆ ಒಂದು ಗ್ರಾಮಿಗೆ ಇಷ್ಟು ನೂರು ಚದರ ಮೀಟರ್ ಮೇಲ್ಮೈ ಇದೆ ಅಂತ ಎಲ್ಲ ಪೇಪರ್‌ಗಳೂ ಹೆಮ್ಮೆಯಿಂದ ಹೇಳುತ್ತವೆ. ಆ ಮೇಲ್ಮೈ ಬಹುಪಾಲು ಇರುವುದು 2 ನ್ಯಾನೋಮೀಟರ್‌ಗಿಂತ ಚಿಕ್ಕ ರಂಧ್ರಗಳ ಒಳಗೆ. ಬ್ಯಾಕ್ಟೀರಿಯಾದ ದಪ್ಪ ಅರ್ಧದಿಂದ ಒಂದು ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ 1,000 ನ್ಯಾನೋಮೀಟರ್), ಅಂದರೆ ಆ ರಂಧ್ರದ ನೂರಾರು ಪಟ್ಟು. ಇರುವೆ ಗೂಡಿನ ಬಾಯಲ್ಲಿ ಎತ್ತಿನ ಬಂಡಿ ಹೋಗಲ್ಲ ಅಲ್ವಾ? ಆನೋಡ್‌ಗೆ ಆ ಮೇಲ್ಮೈ ಲೆಕ್ಕಕ್ಕೇ ಇಲ್ಲ. ಆದರೆ ಆಮ್ಲಜನಕದ ಅಣು ಆರಾಮಾಗಿ ಒಳಗೆ ಹೋಗುತ್ತದೆ. ಅದಕ್ಕೇ ಪ್ಲಾಟಿನಂ ಬದಲು ಆಕ್ಟಿವೇಟೆಡ್ ಕಾರ್ಬನ್ (ಸಣ್ಣ ರಂಧ್ರ ಹೆಚ್ಚಿಸಿದ ಇದ್ದಿಲು) ಹಾಕಿದ ಕ್ಯಾಥೋಡ್‌ಗಳು ಅಷ್ಟು ಚೆನ್ನಾಗಿ ಕೆಲಸ ಮಾಡುತ್ತವೆ.

ಆನೋಡ್‌ಗೆ ಬೇಕಾದ ಗುಣ ಬೇರೆ. ಹತ್ತಾರು ಮೈಕ್ರಾನ್‌ನಿಂದ ಮೇಲಿನ ದೊಡ್ಡ ಖಾಲಿ ಜಾಗ, ಬ್ಯಾಕ್ಟೀರಿಯಾ ಪದರ ಬೆಳೆದ ಮೇಲೂ ನೀರು ಹರಿಯುವಷ್ಟು. ತುದಿಯಿಂದ ತುದಿಗೆ ಕಡಿಯದ ಎಳೆ. ಕಾರ್ಬನ್ ಫೆಲ್ಟ್ (ಕಾರ್ಬನ್ ಎಳೆಗಳ ಕಂಬಳಿಯಂಥ ಹಾಳೆ), ಇಲ್ಲವೇ ಕಾರ್ಬನ್ ಫೈಬರ್ ಬ್ರಷ್. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಲೋಗನ್ ತಂಡ 2007ರಲ್ಲಿ ಬ್ರಷ್ ಆನೋಡ್ ತೋರಿಸಿದ್ದು ಇದೇ ಲೆಕ್ಕದಲ್ಲಿ, ಬಾಟಲಿ ತೊಳೆಯುವ ಬ್ರಷ್ ಥರಾನೇ ಇರುತ್ತದೆ. ಫೆಲ್ಟ್‌ನ ಒಂದು ತುಂಡು ತಂದು 450 ಡಿಗ್ರಿಯಲ್ಲಿ ಅರ್ಧ ಗಂಟೆ ಮಫಲ್ ಫರ್ನೇಸ್‌ನಲ್ಲಿ (ಲ್ಯಾಬಿನ ಕುಲುಮೆ) ಇಡು. ಮೇಲಿನ ಎಣ್ಣೆಯಂಥ ಲೇಪ ಸುಟ್ಟು ಹೋಗುತ್ತದೆ, ಬ್ಯಾಕ್ಟೀರಿಯಾ ಬೇಗ ಅಂಟುತ್ತವೆ. ಅಮೋನಿಯಾ ಅನಿಲದಲ್ಲಿ 700 ಡಿಗ್ರಿಗೆ ಕಾಯಿಸುವ ವಿಧಾನವೂ ಇದೆ. ಬ್ಯಾಕ್ಟೀರಿಯಾದ ಮೈ ಋಣ ವಿದ್ಯುತ್ತಿನದು, ಅಮೋನಿಯಾ ಕಾರ್ಬನ್ನಿಗೆ ಧನ ಗುಣ ಕೊಡುತ್ತದೆ, ಹಾಗಾಗಿ ಎಳೆಯುತ್ತದೆ. ಚೆನ್ನಾಗಿದೆ, ಆದರೆ ವಿಷ ಅನಿಲ. ಅದರ ಸಹವಾಸ ಬೇಡ.

ಕಾರಟಗಿ ಮಿಲ್ಲು

ನಮ್ಮದು ಮಿಲ್ಲು. ಬಾಯಿಲ್ಡ್ ಅಕ್ಕಿ ಮಾಡುತ್ತೇವೆ, ನೆನೆಸಿದ ನೀರಿನ ಕಷ್ಟ ದಿನಾ ನೋಡುವವನು. ಓದಿ ಖುಷಿಯಾಯಿತು ತಂಗೆವ್ವ. ಎರಡು ಮಾತು ನಮ್ಮ ಕಡೆಯಿಂದ.

ಆ ನೀರಿನಲ್ಲಿ ತೌಡು, ನುಚ್ಚು, ಹೊಟ್ಟಿನ ಚೂರು ಎಲ್ಲ ಇರುತ್ತದೆ. ಸೋಸದೆ ಹಾಕಿದರೆ ನೀವು ಹೇಳುವ ಬ್ರಷ್ಷು ಫೆಲ್ಟು ಎಲ್ಲ ಲೋಳೆ ಕಟ್ಟಿ ಮುಚ್ಚಿ ಹೋಗುತ್ತದೆ. ಮೊದಲು ಒಂದು ತೊಟ್ಟಿಯಲ್ಲಿ ನಿಲ್ಲಿಸಿ ಮೇಲಿನ ತಿಳಿ ತಗೊಳ್ಳಿ. ಇನ್ನೊಂದು, ಬಿಸಿ ನೀರಿನಲ್ಲಿ ನೆನೆಸಿದ್ದು ಒಂದು ದಿನ ನಿಂತರೆ ಹುಳಿ ವಾಸನೆ ಹೊಡೆಯುತ್ತದೆ. ಹುಳಿ ಇದ್ದರೆ ನಿಮ್ಮ ಬ್ಯಾಕ್ಟೀರಿಯಾಕ್ಕೆ ಆಗುತ್ತದಾ?

ಮತ್ತೆ ಇದ್ದಿಲು ಬೇಕು ಅಂತ ನಮ್ಮ ಬಾಯ್ಲರ್ ಬೂದಿ ಒಯ್ಯಬೇಡಿ. ಗಾಳಿ ಕೊಟ್ಟು ಉರಿಸುವ ಬೂದಿ ಅದು, ಕಾರ್ಬನ್ ಎಲ್ಲ ಉರಿದು ಹೋಗಿರುತ್ತದೆ, ಉಳಿಯುವುದು ಬರೀ ಸಿಲಿಕಾ. ಕಪ್ಪಗೆ ಕಾಣುವ ಬೂದಿಯಲ್ಲೂ ಸುಡದೆ ಉಳಿದ ಇದ್ದಿಲು ಸ್ವಲ್ಪವೇ.

ಇದರಿಂದ ಮಿಲ್ಲಿನ ಒಂದು ಮೋಟರ್ ಆದರೂ ತಿರುಗುತ್ತದಾ? ನೇರವಾಗಿ ಹೇಳಿ.

ಬಳ್ಳಾರಿ ಕಾರ್ಬನ್

ಅಣ್ಣಾ, ಮೋಟರ್ ತಿರುಗುವುದಿಲ್ಲ. ಆ ಆಸೆ ಇಟ್ಟುಕೊಳ್ಳುವುದೇ ಬೇಡ. ಒಂದು ಸೆಲ್ ಎಷ್ಟೇ ದೊಡ್ಡದು ಮಾಡಿದರೂ ಅರ್ಧ ವೋಲ್ಟ್ ಆಸುಪಾಸೇ. ಹಲವನ್ನು ಸಾಲಾಗಿ ಜೋಡಿಸಿದರೆ ಯಾವುದಾದರೂ ಒಂದು ಸೋತು ಉಲ್ಟಾ ತಿರುಗಿ ಉಳಿದವುಗಳ ವೋಲ್ಟೇಜನ್ನೂ ತಿನ್ನುತ್ತದೆ. ನಿಮಗೆ ಲಾಭ ಇರುವುದು ನೀರು ಶುದ್ಧ ಮಾಡುವ ಕಡೆ. ಈಗ ಗಾಳಿ ಊದುವ ಬ್ಲೋವರ್‌ಗೆ ಕರೆಂಟ್ ಸುಡುತ್ತೀರಿ, ಇದರಲ್ಲಿ ಗಾಳಿ ಊದುವುದೇ ಬೇಡ, ಗಸಿಯೂ ಕಡಿಮೆ. ಕರೆಂಟ್ ಬಂದಿದ್ದು ಸೆನ್ಸರ್ ಓಡಿಸುವಷ್ಟು.

ಹುಳಿ ಬಗ್ಗೆ ಕೇಳಿದ್ದು ಬಹಳ ಸರಿ. ಐಐಟಿ ಖರಗ್‌ಪುರದಲ್ಲಿ ಘಾಂಗ್ರೇಕರ್ ಅವರ ತಂಡ 2010ರಲ್ಲಿ ಇದೇ ರೈಸ್ ಮಿಲ್ ನೀರನ್ನು ಮಣ್ಣಿನ ಗಡಿಗೆಯ ಸೆಲ್‌ನಲ್ಲೂ, ಗಡಿಗೆಯ ಗೋಡೆಯ ಬದಲು ಎರಡು ಬದಿಗಳ ನಡುವೆ ದುಬಾರಿ ಮೆಂಬ್ರೇನ್ (ತೆಳು ಹಾಳೆ) ಹಾಕಿದ ಸೆಲ್‌ನಲ್ಲೂ ಪಕ್ಕಪಕ್ಕ ಹಾಕಿ ನೋಡಿತ್ತು. ಗಡಿಗೆಯೇ ಚೆನ್ನಾಗಿ ಬಂತು, ಪಿಎಚ್ 8ರಲ್ಲಿ, ಅಂದರೆ ಸ್ವಲ್ಪ ಕ್ಷಾರ ಇದ್ದಾಗ, ಇನ್ನೂ ಚೆನ್ನಾಗಿ. ಹಾಗಾಗಿ ತಂಗಿ ಗಡಿಗೆ ಆರಿಸಿದ್ದು ಸರಿಯಾಗಿದೆ, ಹುಳಿಯನ್ನು ಮಾತ್ರ ತೆಗೆಯಬೇಕು. ಸುಣ್ಣ ಹಾಕಬೇಡ, ಅಡುಗೆ ಸೋಡಾ ಹಾಕು. ಸೋಡಾದಿಂದ ನೀರಿನಲ್ಲಿ ಕರೆಂಟ್ ಹರಿಯುವುದೂ ಸುಲಭ ಆಗುತ್ತದೆ, ಒಳಗಿನ ಪ್ರತಿರೋಧ ಅಷ್ಟರಮಟ್ಟಿಗೆ ಇಳಿಯುತ್ತದೆ.

ತೋರಣಗಲ್ಲು ಫಿಟ್ಟರ್

ನಾನು ಸ್ಟೀಲ್ ಕೆಲಸದವನು, ಬ್ಯಾಕ್ಟೀರಿಯಾ ಗೊತ್ತಿಲ್ಲ, ಆದರೆ ಎಲೆಕ್ಟ್ರೋಡ್ ಗೊತ್ತು. ನಮ್ಮ ಕಡೆ ಲೇಡಲ್ ಫರ್ನೇಸ್‌ನಲ್ಲಿ (ಕರಗಿದ ಉಕ್ಕನ್ನು ಕಾಯಿಸುವ ಕುಲುಮೆ) ಬಳಸುವ ಗ್ರಾಫೈಟ್ ಎಲೆಕ್ಟ್ರೋಡ್ ಮುರಿದ ತುಂಡುಗಳು ಗುಜರಿಯಲ್ಲಿ ಸಿಗುತ್ತವೆ. ಒಳ್ಳೆಯ ಗ್ರಾಫೈಟ್, 2,500 ಡಿಗ್ರಿಗಿಂತ ಮೇಲೆ ಕಾದಿರುವುದು. ಕಡ್ಡಿಯಾಗಿ ಕೊರೆಸಿಕೊಂಡರೆ ಕರೆಂಟ್ ಹೊರಗೆ ತರಲು ಅದಕ್ಕಿಂತ ಚೆನ್ನಾಗಿರುವುದು ಸಿಗಲ್ಲ. ಪೆನ್ಸಿಲ್ ಕಡ್ಡಿ ಹಾಕುವವರನ್ನು ನೋಡಿದ್ದೇನೆ, ಅದರಲ್ಲಿ ಜೇಡಿಮಣ್ಣು ಬೆರೆತಿರುತ್ತದೆ.

ಜಾಯಿಂಟ್ ಬಗ್ಗೆ ಯಾರೂ ಹೇಳಲೇ ಇಲ್ಲ. ಜಾಳಿಗೆಗೆ ತಾಮ್ರದ ತಂತಿ ಸುತ್ತಿ ನೀರಿನಲ್ಲಿ ಮುಳುಗಿಸಿದ್ದೀರಾ? ತಾಮ್ರ ತಿಂದು ಹೋಗುತ್ತದೆ, ಹಸಿರು ಕಟ್ಟುತ್ತದೆ. ಅದು ತಿನ್ನುವಾಗ ತೋರಿಸುವ ವೋಲ್ಟೇಜನ್ನು ಬ್ಯಾಕ್ಟೀರಿಯಾದ ವೋಲ್ಟೇಜ್ ಅಂತ ತಿಳಿದುಕೊಳ್ಳುವ ಅಪಾಯ ಇದೆ. ನೀರಿನೊಳಗೆ 316 ಸ್ಟೀಲ್ (ತುಕ್ಕು ಹಿಡಿಯದ ಒಂದು ದರ್ಜೆ) ತಂತಿ ಅಥವಾ ಟೈಟಾನಿಯಂ ತಂತಿ ಇರಲಿ. ತಾಮ್ರ ಏನಿದ್ದರೂ ನೀರಿನ ಮೇಲೆ.

ಇನ್ನೊಂದು ಕೇಳಬೇಕಿತ್ತು. ಸಂಡೂರು ಕಡೆಯ ಕೆಂಪು ಅದಿರಿನ ಧೂಳು ನಮ್ಮಲ್ಲಿ ಬೇಕಾದಷ್ಟು. ಈ ಬ್ಯಾಕ್ಟೀರಿಯಾ ಕಬ್ಬಿಣ ತಿನ್ನುತ್ತವೆ ಅಂತಾರಲ್ಲ, ಅದನ್ನು ಆನೋಡ್‌ಗೆ ಮೆತ್ತಿದರೆ?

ಬಳ್ಳಾರಿ ಕಾರ್ಬನ್

ಅಣ್ಣಾ, ನಿಮ್ಮ ಪ್ರಶ್ನೆಯಲ್ಲಿ ಬಹಳ ಸತ್ವ ಇದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜಿಯೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ ಜಾತಿ 1987ರಲ್ಲಿ ಅಮೆರಿಕದ ಪೊಟೋಮ್ಯಾಕ್ ನದಿಯ ಕೆಸರಿನಲ್ಲಿ ಸಿಕ್ಕಿದ್ದು. ಗಾಳಿ ಇಲ್ಲದ ಕೆಸರಿನಲ್ಲಿ ಅದು ಉಸಿರಾಡುವುದೇ ತುಕ್ಕಿನಂಥ ಕಬ್ಬಿಣದ ಆಕ್ಸೈಡ್‌ಗೆ ಎಲೆಕ್ಟ್ರಾನ್ ಕೊಟ್ಟು. ಮೈಯ ಹೊರಗಿರುವ ಗಟ್ಟಿ ವಸ್ತುವಿಗೆ ಎಲೆಕ್ಟ್ರಾನ್ ದಾಟಿಸುವ ಆ ಶಕ್ತಿಯೇ ನಮ್ಮ ಆನೋಡ್‌ಗೆ ಉಪಯೋಗ. ನೀರು ನಿಂತ ಭತ್ತದ ಗದ್ದೆಯ ಕೆಸರಿನಲ್ಲೂ ಇದರ ಬಳಗ ಇರುತ್ತದೆ, ಹಾಗಾಗಿ ತಂಗಿ ಗದ್ದೆಯ ಕೆಸರು ತಂದಿದ್ದು ಒಳ್ಳೆಯ ಆಯ್ಕೆ.

ಕಬ್ಬಿಣದ ಆಕ್ಸೈಡ್‌ನ ತೆಳು ಪದರ ಇದ್ದರೆ ಇವು ಬೇಗ ಬಂದು ಕೂರುತ್ತವೆ, ಇದು ನಿಜ. ಸ್ಟೇನ್‌ಲೆಸ್ ಸ್ಟೀಲ್ ಫೆಲ್ಟನ್ನು ಬೆಂಕಿಯ ಜ್ವಾಲೆಯಲ್ಲಿ ಕಾಯಿಸಿ ಮೇಲೆ ಆಕ್ಸೈಡ್ ಮೂಡಿಸಿದಾಗ ಬ್ಯಾಕ್ಟೀರಿಯಾ ಪದರವೂ ಕರೆಂಟೂ ಹೆಚ್ಚಾಗಿದ್ದನ್ನು 2014ರಲ್ಲಿ ತೋರಿಸಿದ್ದಾರೆ. ಆದರೆ ಅದಿರಿನ ಧೂಳನ್ನು ದಪ್ಪಗೆ ಮೆತ್ತಿದರೆ ಉಲ್ಟಾ ಆಗುತ್ತದೆ. ಆ ಕೆಂಪು ಅದಿರಿನ ಹೆಮಟೈಟ್‌ನಲ್ಲಿ (ಕಬ್ಬಿಣದ ಆಕ್ಸೈಡ್) ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಅದಿರಿನಲ್ಲಿ ಸಿಲಿಕಾ, ಅಲ್ಯೂಮಿನಾ ಬೇರೆ ಇರುತ್ತದೆ. ಜೊತೆಗೆ ಬ್ಯಾಕ್ಟೀರಿಯಾ ಎಲೆಕ್ಟ್ರಾನನ್ನು ನಮ್ಮ ತಂತಿಗೆ ಕೊಡುವ ಬದಲು ಸ್ವಲ್ಪವನ್ನು ಆ ಕಬ್ಬಿಣಕ್ಕೇ ಕೊಟ್ಟುಬಿಡಬಹುದು. ನಿಮ್ಮಂಥವರ ಹತ್ತಿರ ಟಾರ್ಚ್ ಇದ್ದೇ ಇರುತ್ತದೆ. ತಂಗಿಯ ಜಾಳಿಗೆಯನ್ನು ಬಣ್ಣ ತಿರುಗುವ ತನಕ ಕಾಯಿಸಿ ಕೊಟ್ಟರೆ ಅದೇ ದೊಡ್ಡ ಉಪಕಾರ. ಬರೀ ಜಾಳಿಗೆ, ಕಾಯಿಸಿದ ಜಾಳಿಗೆ, ಕಾಯಿಸಿದ ಕಾರ್ಬನ್ ಫೆಲ್ಟ್, ಮೂರನ್ನೂ ಒಂದೇ ನೀರಿನಲ್ಲಿ ಹಾಕಿದರೆ ಪ್ರಾಜೆಕ್ಟ್‌ಗೆ ಒಳ್ಳೆಯ ಹೋಲಿಕೆ ಸಿಗುತ್ತದೆ.

ಕೊಪ್ಪಳ ಮೇಷ್ಟ್ರು

ಕೆಮಿಸ್ಟ್ರಿ ಪಾಠ ಮಾಡುವವನು. ಒಂದು ವಿಷಯ ಬಿಟ್ಟುಹೋಗಿದೆ, ಅದು ನಮ್ಮ ಭಾಗದ ನೀರು. ಬೋರ್‌ವೆಲ್ ನೀರು ಗಡಸು, ಪಾತ್ರೆ ಮೇಲೆ ಬಿಳಿ ಕಟ್ಟುವುದನ್ನು ಎಲ್ಲರೂ ನೋಡಿದ್ದೀರಿ. ಕ್ಯಾಥೋಡ್ ಹತ್ತಿರ ಆಮ್ಲಜನಕ ನೀರಾಗುವಾಗ ಪ್ರೋಟಾನ್ ಖರ್ಚಾಗಿ ಅಲ್ಲಿ ಕ್ಷಾರ ಹೆಚ್ಚುತ್ತದೆ. ಕ್ಷಾರ ಹೆಚ್ಚಾದ ಕಡೆ ಕ್ಯಾಲ್ಸಿಯಂ ಕಾರ್ಬೊನೇಟ್ ಗಟ್ಟಿಯಾಗಿ ಕೂತುಬಿಡುತ್ತದೆ. ಮೊದಲ ವಾರ ಚೆನ್ನಾಗಿ ನಡೆದು ಆಮೇಲೆ ನಿಧಾನವಾಗಿ ಇಳಿದರೆ, ಆನೋಡ್ ಕೆಟ್ಟಿತು ಅಂದುಕೊಳ್ಳುವ ಮೊದಲು ಕ್ಯಾಥೋಡ್ ಮೇಲೆ ಬಿಳಿ ಪದರ ಇದೆಯಾ ನೋಡಿ. ತೆಳು ಆಮ್ಲದಲ್ಲಿ ತೊಳೆದರೆ ಹೋಗುತ್ತದೆ. ಹೊರಗಡೆಗೆ ಮಳೆ ನೀರು ಅಥವಾ ಆರ್‌ಓ ನೀರು ಬಳಸಿ, ಬೇಕಾದರೆ ಅಡುಗೆ ಉಪ್ಪು ಸ್ವಲ್ಪ ಹಾಕಿ.

ಇನ್ನು ಬಿಸಿಲು. ರಾಯಚೂರಿನಲ್ಲಿ ಏಪ್ರಿಲ್, ಮೇ ಬಂದರೆ 40 ಡಿಗ್ರಿ ದಾಟುತ್ತದೆ. 30ರಿಂದ 35 ಡಿಗ್ರಿ ಈ ಬ್ಯಾಕ್ಟೀರಿಯಾಗಳಿಗೆ ಹಿತ. ಗಡಿಗೆಯ ಮೈಯಿಂದ ನೀರು ಬೇಗ ಆರಿ ಉಪ್ಪು ಗಟ್ಟುತ್ತದೆ, ಕ್ಯಾಥೋಡ್ ಒಣಗಿದರೆ ಕರೆಂಟ್ ನಿಂತೇ ಹೋಗುತ್ತದೆ. ನೆರಳಿನಲ್ಲಿಡಿ, ಪ್ರತಿದಿನ ಒಂದೇ ಸಮಯಕ್ಕೆ ಅಳೆಯಿರಿ. ಬೆಳಿಗ್ಗೆಯ ಅಳತೆಯನ್ನು ಮಧ್ಯಾಹ್ನದ್ದಕ್ಕೆ ಹೋಲಿಸಿದರೆ ನೀವು ಎಲೆಕ್ಟ್ರೋಡ್ ಬದಲು ಬಿಸಿಲನ್ನು ಅಳೆದಂತಾಗುತ್ತದೆ.

ಕೆಸರು ಹಾಕದ ಒಂದು ಗಡಿಗೆಯನ್ನೂ ಪಕ್ಕದಲ್ಲಿಡಿ, ಒಳಗಿನ ನೀರನ್ನು ಕುದಿಸಿ ಆರಿಸಿ ಹಾಕಿ. ಅದರಲ್ಲೂ ಅಷ್ಟೇ ವೋಲ್ಟೇಜ್ ಬಂದರೆ ಅದು ಲೋಹದ ಆಟ.

ಸಿಂಧನೂರು ಗದ್ದೆ

ಎಲ್ಲರಿಗೂ ಮನಸಾರೆ ಧನ್ಯವಾದ. ಪೈಪ್ ಪರೀಕ್ಷೆ ಇವತ್ತೇ ಮಾಡಿದೆ. ನನ್ನ ಇದ್ದಿಲು ಮೆಗಾ ಓಮ್ ತೋರಿಸಿತು! ಡಿಪಾರ್ಟ್‌ಮೆಂಟಿನ ಮಫಲ್ ಫರ್ನೇಸ್ 900 ಡಿಗ್ರಿ ತನಕ ಹೋಗುತ್ತದೆ, ಕೇಳಿ ಒಪ್ಪಿಗೆ ತಗೊಂಡೆ. ಮಿಲ್ ಅಣ್ಣಾ, ನೀರನ್ನು ತಿಳಿ ಮಾಡಿಯೇ ಹಾಕುತ್ತೇನೆ. ಫಿಟ್ಟರ್ ಅಣ್ಣಾ, ಜಾಳಿಗೆ ಬಸ್ಸಿನಲ್ಲಿ ಕಳಿಸಲಾ?

ಬಳ್ಳಾರಿ ಅಣ್ಣಾ, ಎರಡು ಅನುಮಾನ. ಇದ್ದಿಲನ್ನು ಕ್ಯಾಥೋಡ್‌ಗೆ ಹಾಕಲು ಗೋಂದಿನ ಬದಲು ಏನು? ಮತ್ತೆ ತೊಂದರೆ ಕ್ಯಾಥೋಡ್‌ನದೇ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ?

ತೋರಣಗಲ್ಲು ಫಿಟ್ಟರ್

ಕಳಿಸಿ. 316 ತಂತಿ, ಗ್ರಾಫೈಟ್ ಕಡ್ಡಿ ಎರಡೂ ಇಟ್ಟು ವಾಪಸ್ ಕಳಿಸುತ್ತೇನೆ.

ಬಳ್ಳಾರಿ ಕಾರ್ಬನ್

ಎರಡನೆಯದಕ್ಕೆ ಮೊದಲು ಉತ್ತರ. ಲ್ಯಾಬಿನಲ್ಲಿ ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಎಲೆಕ್ಟ್ರೋಡ್ (ತನ್ನ ವೋಲ್ಟೇಜ್ ಬದಲಾಗದ, ಹೋಲಿಸಿ ಅಳೆಯಲು ಇಡುವ ಎಲೆಕ್ಟ್ರೋಡ್) ಇದ್ದರೆ ಕೇಳು. ಅದನ್ನು ಗಡಿಗೆಯೊಳಗೆ ಇಳಿಸಿ ಆನೋಡನ್ನು ಅಳೆ, ಹೊರಗಿನ ನೀರಿನಲ್ಲಿ ಇಳಿಸಿ ಕ್ಯಾಥೋಡನ್ನು ಅಳೆ. ಆರೋಗ್ಯವಾಗಿರುವ ಆನೋಡ್ ಮೈನಸ್ 0.45 ವೋಲ್ಟ್ ಆಸುಪಾಸು ತೋರಿಸುತ್ತದೆ. ರೆಸಿಸ್ಟರ್ ಹಾಕಿದಾಗ ಎರಡರಲ್ಲಿ ಯಾವುದು ಹೆಚ್ಚು ಜಾರುತ್ತದೋ ಅದೇ ಕಳ್ಳ. ಎರಡೂ ಅಷ್ಟಾಗಿ ಜಾರದೆ ಸೆಲ್‌ನ ವೋಲ್ಟೇಜ್ ಮಾತ್ರ ಬಿದ್ದರೆ ತೊಂದರೆ ಗಡಿಗೆಯ ಗೋಡೆ, ನೀರು ಅಥವಾ ಜಾಯಿಂಟ್‌ನಲ್ಲಿದೆ. ರೆಫರೆನ್ಸ್ ಸಿಗದಿದ್ದರೆ ಸುಮ್ನೆ ಇನ್ನೊಂದು ಅಂಥದೇ ಗ್ರಾಫೈಟ್ ತುಂಡನ್ನು ಕ್ಯಾಥೋಡ್‌ಗೆ ಜೋಡಿಸು. ಕರೆಂಟ್ ಎರಡು ಪಟ್ಟಿನ ಹತ್ತಿರ ಬಂದರೆ ಅನುಮಾನವೇ ಬೇಡ, ಕ್ಯಾಥೋಡೇ.

ಅಂಟಿಗೆ ಟೆಫ್ಲಾನ್ ಎಮಲ್ಷನ್ (ನೀರಿನಲ್ಲಿ ಬೆರೆತ ಟೆಫ್ಲಾನ್ ಕಣಗಳು) ಬಳಸುತ್ತಾರೆ, ಕೆಮಿಕಲ್ ಅಂಗಡಿಯವರು ತರಿಸಿಕೊಡುತ್ತಾರೆ. ಇದ್ದಿಲಿನ ತೂಕದ ಹತ್ತನೇ ಒಂದು ಪಾಲಿನಿಂದ ಶುರು ಮಾಡು. ಸ್ವಲ್ಪ ಕಾರ್ಬನ್ ಬ್ಲ್ಯಾಕ್ (ನುಣ್ಣನೆಯ ಮಸಿ ಪುಡಿ) ಬೆರೆಸಿದರೆ ಕಣಗಳ ನಡುವಿನ ಸಂದಿ ತುಂಬಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ರೊಟ್ಟಿ ಹಿಟ್ಟಿನಷ್ಟು ಗಟ್ಟಿ ಕಲಸಿ ಸ್ಟೀಲ್ ಜಾಳಿಗೆಯ ಮೇಲೆ ಒತ್ತಿ ಒಣಗಿಸು. ಆಮೇಲೆ ಬಕೆಟ್ ತೆಗೆದುಬಿಡು. ಗಡಿಗೆಯ ಹೊರ ಮೈಗೆ ಈ ಜಾಳಿಗೆಯನ್ನು ಬಿಗಿಯಾಗಿ ಸುತ್ತಿ ಕಟ್ಟು, ಕಾರ್ಬನ್ ಬದಿ ಮಣ್ಣಿಗೆ ತಾಗಿರಲಿ, ಇನ್ನೊಂದು ಬದಿ ಗಾಳಿಗೆ ತೆರೆದಿರಲಿ. ಗಡಿಗೆಯಿಂದ ಜಿನುಗುವ ನೀರೇ ಅದನ್ನು ಹಸಿಯಾಗಿಡುತ್ತದೆ, ಆಮ್ಲಜನಕ ನೇರ ಗಾಳಿಯಿಂದ ಬರುತ್ತದೆ. ತೆಳು ಗೋಡೆಯ, ಬಣ್ಣ ಅಥವಾ ಎಣ್ಣೆ ಹಚ್ಚದ ಗಡಿಗೆ ಆರಿಸು.

ಹೊಸ ಆನೋಡ್ ಹಾಕಿದ ಮೇಲೆ ಎರಡು ಮೂರು ವಾರ ಅದನ್ನು ಪದೇಪದೇ ಎತ್ತಿ ನೋಡಬೇಡ, ಗಾಳಿ ತಾಗಿದರೆ ಬ್ಯಾಕ್ಟೀರಿಯಾ ಪದರಕ್ಕೆ ಪೆಟ್ಟು. 1,000 ಓಮ್ ಹಾಕಿ ಬಿಟ್ಟು ದಿನಾ ವೋಲ್ಟೇಜ್ ಬರೆದುಕೋ. ಮೂರು ದಿನ ಒಂದೇ ಮಟ್ಟದಲ್ಲಿ ನಿಂತ ಮೇಲೆ ರೆಸಿಸ್ಟರ್ ಬದಲಿಸಿ ಆ ಗ್ರಾಫ್ ತೆಗೆದು ಇಲ್ಲಿ ಹಾಕು, ನೋಡೋಣ.